ಸೇನೆಯ ಕೈಗೆ ಪೊಲೀಸ್ ಕೆಲಸ: ಮೆಕ್ಸಿಕೊ ಮುರಿದ ಮಾತು

2019ರ ಫೆಬ್ರುವರಿ 21ರಂದು ಮೆಕ್ಸಿಕೊದ ಸೆನೆಟ್ ರಾಷ್ಟ್ರಮಟ್ಟದ ಹೊಸ ಭದ್ರತಾ ಪಡೆಯೊಂದರ ಸ್ಥಾಪನೆಗೆ ಒಪ್ಪಿಗೆ ನೀಡಿತು. ಪರವಾಗಿ ಬಿದ್ದ ಮತಗಳು 127, ವಿರುದ್ಧ ಒಂದೂ ಇಲ್ಲ. ಪಕ್ಷಗಳು ಸದಾ ಕಚ್ಚಾಡುವ ದೇಶದಲ್ಲಿ ಇಂಥ ಒಮ್ಮತ ಸುಮ್ಮನೆ ಬರಲಿಲ್ಲ. ಪಡೆಯನ್ನು ಸೇನೆಯ ಅಧೀನದಲ್ಲಿಡುವ ಮೂಲ ಯೋಚನೆಯನ್ನು ವಿರೋಧ ಪಕ್ಷಗಳು ಪಟ್ಟು ಹಿಡಿದು ತೆಗೆಸಿದ್ದವು. ‘ಗಾರ್ಡಿಯಾ ನಾಸಿಯೊನಲ್’ ಎಂಬ ಈ ನ್ಯಾಷನಲ್ ಗಾರ್ಡ್ ನಾಗರಿಕ ಸ್ವರೂಪದ ಪೊಲೀಸ್ ಸಂಸ್ಥೆಯಾಗಿರಬೇಕು ಎಂದು ಸಂವಿಧಾನದ 21ನೇ ವಿಧಿಯಲ್ಲೇ ಬರೆಸಿಕೊಂಡ ಮೇಲಷ್ಟೇ ಅವು ಮತ ಹಾಕಿದವು. ಐದೂವರೆ ವರ್ಷದ ನಂತರ, 2024ರ ಸೆಪ್ಟೆಂಬರ್‌ನಲ್ಲಿ, ಸೆನೆಟ್ 86–42 ಮತಗಳಿಂದ ಆ ಭರವಸೆಯನ್ನು ಅಳಿಸಿಹಾಕಿತು. ನ್ಯಾಷನಲ್ ಗಾರ್ಡ್ ಈಗ ರಕ್ಷಣಾ ಸಚಿವಾಲಯದ ಕಾಯಂ ಅಂಗ. ಅದರ ದಂಡನಾಯಕ ಸೇನಾ ಜನರಲ್, ಅದರ ಸಿಬ್ಬಂದಿ ಸೈನಿಕ ಮೂಲದವರು, ಅದರ ಕೆಲಸ ಮಾತ್ರ ಪೊಲೀಸರದು.

ಇದು ತಪ್ಪು. ಆಡಳಿತದ ಅನುಕೂಲಕ್ಕಾಗಿ ಮಾಡಿಕೊಂಡ ಸಣ್ಣ ಹೊಂದಾಣಿಕೆ ಎಂದು ಇದನ್ನು ಮನ್ನಿಸಲು ಸಾಧ್ಯವಿಲ್ಲ. ಮತದಾರರಿಗೆ, ಸಂಸತ್ತಿಗೆ ಮತ್ತು ಸಂವಿಧಾನಕ್ಕೆ ಕೊಟ್ಟ ಮಾತನ್ನು ಒಂದು ಸರ್ಕಾರ ಹಂತ ಹಂತವಾಗಿ, ತಿಳಿದೂ ತಿಳಿದೂ ಮುರಿದಿದೆ. ಆ ಮಾತು ಮುರಿದು ಜನರಿಗೆ ಸುರಕ್ಷತೆಯನ್ನಾದರೂ ತಂದುಕೊಟ್ಟಿತೇ ಎಂದರೆ, ಅದೂ ಇಲ್ಲ.

ಕಥೆ ಆರಂಭವಾಗುವುದು 2006ರ ಡಿಸೆಂಬರ್‌ನಲ್ಲಿ. ಅಧಿಕಾರಕ್ಕೆ ಬಂದ ಹತ್ತೇ ದಿನಗಳಲ್ಲಿ ಅಧ್ಯಕ್ಷ ಫೆಲಿಪೆ ಕಾಲ್ಡೆರಾನ್ ತಮ್ಮ ತವರು ರಾಜ್ಯ ಮಿಚೊವಾಕಾನ್‌ಗೆ ಸಾವಿರಾರು ಸೈನಿಕರನ್ನು ಕಳುಹಿಸಿದರು. ಮಾದಕ ವಸ್ತು ಜಾಲಗಳ, ಅಂದರೆ ಕಾರ್ಟೆಲ್‌ಗಳ, ವಿರುದ್ಧದ ಯುದ್ಧ ಎಂದು ಅದನ್ನು ಕರೆಯಲಾಯಿತು. ಸ್ಥಳೀಯ ಪೊಲೀಸರು ಕಾರ್ಟೆಲ್‌ಗಳ ಸಂಬಳ ಉಣ್ಣುತ್ತಿದ್ದಾರೆ, ಅವರನ್ನು ಸರಿಪಡಿಸುವವರೆಗೆ ಮಾತ್ರ ಸೈನ್ಯ ಇರುತ್ತದೆ ಎಂಬುದು ಸಮರ್ಥನೆಯಾಗಿತ್ತು. ಆ ವರ್ಷ ದೇಶದಲ್ಲಿ ನಡೆದ ಕೊಲೆಗಳು ಸುಮಾರು 10,000. ಐದು ವರ್ಷದಲ್ಲಿ, 2011ಕ್ಕೆ, ಆ ಸಂಖ್ಯೆ 27,000 ದಾಟಿತು. ಸೈನ್ಯ ಒಬ್ಬ ನಾಯಕನನ್ನು ಹಿಡಿದರೆ ಅಥವಾ ಕೊಂದರೆ ಅವನ ಗ್ಯಾಂಗ್ ಎರಡಾಗಿ, ನಾಲ್ಕಾಗಿ ಒಡೆಯುತ್ತಿತ್ತು. ಒಡೆದ ಚೂರುಗಳು ಊರೂರಿನ ಮೇಲೆ ಹಿಡಿತಕ್ಕಾಗಿ ಪರಸ್ಪರ ಕೊಲ್ಲುತ್ತಿದ್ದವು. ಸುಲಿಗೆ, ಅಪಹರಣ, ಪೆಟ್ರೋಲ್ ಕಳ್ಳತನ ಹೊಸ ದಂಧೆಗಳಾದವು. ಸೈನ್ಯ ಮಾತ್ರ ಬ್ಯಾರಕ್‌ಗೆ ಹಿಂದಿರುಗಲಿಲ್ಲ.

ಆ ದಿನಗಳಲ್ಲಿ ಈ ನೀತಿಯ ಅತಿ ಕಟು ಟೀಕಾಕಾರರಾಗಿದ್ದವರು ಆಂಡ್ರೆಸ್ ಮ್ಯಾನುಯೆಲ್ ಲೋಪೆಜ್ ಒಬ್ರಡಾರ್. ಸೈನ್ಯವನ್ನು ರಸ್ತೆಯಿಂದ ವಾಪಸ್ ಕಳುಹಿಸುತ್ತೇನೆ ಎಂದು ಊರೂರು ಸುತ್ತಿ ಭಾಷಣ ಮಾಡಿದವರು ಅವರು. ಬಡತನ ಮತ್ತು ನಿರುದ್ಯೋಗವೇ ಹಿಂಸೆಯ ಬೇರು, ಗುಂಡಿನಿಂದ ಅದು ಹೋಗುವುದಿಲ್ಲ ಎಂಬ ಅವರ ಮಾತಿಗೆ ಜನ ಕಿವಿಗೊಟ್ಟರು. 2018ರ ಜುಲೈನಲ್ಲಿ ಭಾರಿ ಬಹುಮತದಿಂದ ಗೆಲ್ಲಿಸಿದರು. ಅದೇ ವರ್ಷದ ನವೆಂಬರ್ 14ರಂದು, ಪ್ರಮಾಣವಚನಕ್ಕೂ ಮೊದಲೇ, ಅವರು ಸೇನಾ ಪೊಲೀಸ್, ನೌಕಾ ಪೊಲೀಸ್ ಮತ್ತು ಕೇಂದ್ರದ ಫೆಡರಲ್ ಪೊಲೀಸರನ್ನು ಕೂಡಿಸಿ ನ್ಯಾಷನಲ್ ಗಾರ್ಡ್ ಕಟ್ಟುವ ಯೋಜನೆ ಪ್ರಕಟಿಸಿದರು. ಮರುದಿನವೇ, ನವೆಂಬರ್ 15ರಂದು, ದೇಶದ ಸುಪ್ರೀಂ ಕೋರ್ಟ್ ಹಿಂದಿನ ಸರ್ಕಾರದ ‘ಆಂತರಿಕ ಭದ್ರತಾ ಕಾಯ್ದೆ’ಯನ್ನು ರದ್ದುಪಡಿಸಿತು. ಸೈನ್ಯದ ಪೊಲೀಸ್ ಪಾತ್ರವನ್ನು ಸಹಜ ಸ್ಥಿತಿಯನ್ನಾಗಿಸಲು ಹೊರಟಿದ್ದ ಕಾಯ್ದೆ ಅದು. ಅದೇ ತಿಂಗಳ 28ರಂದು ಇಂಟರ್ ಅಮೆರಿಕನ್ ಮಾನವ ಹಕ್ಕುಗಳ ನ್ಯಾಯಾಲಯ, ಚಿವಾವಾ ರಾಜ್ಯದಲ್ಲಿ ಸೈನಿಕರು ಎಳೆದೊಯ್ದ ಮೂವರ ಪ್ರಕರಣದಲ್ಲಿ ಮೆಕ್ಸಿಕೊವನ್ನು ಹೊಣೆ ಮಾಡಿತು. ಸಾರ್ವಜನಿಕ ಭದ್ರತೆಯಲ್ಲಿ ಸೈನ್ಯದ ಪಾತ್ರ ಅಸಾಧಾರಣ ಸಂದರ್ಭಕ್ಕೆ ಮಾತ್ರ ಸೀಮಿತವಾಗಿರಬೇಕು, ನಾಗರಿಕ ಅಧಿಕಾರಕ್ಕೆ ಅಧೀನವಾಗಿರಬೇಕು ಎಂದು ಸ್ಪಷ್ಟವಾಗಿ ಹೇಳಿತು. ಹೊಸ ಅಧ್ಯಕ್ಷರಿಗೆ ಎಚ್ಚರಿಕೆ ಸಿಕ್ಕಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ.

ಆದ್ದರಿಂದಲೇ 2019ರ ತಿದ್ದುಪಡಿಯ ಆ ‘ನಾಗರಿಕ’ ಎಂಬ ಷರತ್ತಿಗೆ ಅಷ್ಟು ತೂಕವಿತ್ತು. ಸೈನ್ಯ ಐದು ವರ್ಷ ಮಾತ್ರ, ಅಂದರೆ 2024ರ ಮಾರ್ಚ್‌ವರೆಗೆ, ಪೊಲೀಸ್ ಕೆಲಸಕ್ಕೆ ನೆರವಾಗಬಹುದು, ಅಷ್ಟರಲ್ಲಿ ಹೊಸ ಪಡೆ ತನ್ನ ಕಾಲ ಮೇಲೆ ನಿಲ್ಲಬೇಕು ಎಂದು ಪರಿವರ್ತನೆಯ ಗಡುವನ್ನೂ ಬರೆಯಲಾಗಿತ್ತು. ತಿದ್ದುಪಡಿ ಮಾರ್ಚ್ 26ರಂದು ಪ್ರಕಟವಾಯಿತು. ಆಮೇಲಿನ ಪ್ರತಿ ಹೆಜ್ಜೆಯೂ ಹಿಮ್ಮುಖವಾಗಿಯೇ ಬಿತ್ತು. ನಾಗರಿಕ ಪಡೆಯ ಮೊದಲ ಮುಖ್ಯಸ್ಥರಾಗಿ ಬಂದವರು ಸೇನಾ ಜನರಲ್ ಲೂಯಿಸ್ ರೊಡ್ರಿಗಸ್ ಬುಸಿಯೊ. ಪಡೆಗೆ ಸೇರಿದವರಲ್ಲಿ ಹೆಚ್ಚಿನವರು ಸೇನೆ ಮತ್ತು ನೌಕಾಪಡೆಯಿಂದ ಎರವಲು ಬಂದ ಸೈನಿಕರು. ಅವರ ದರ್ಜೆ, ಸಂಬಳ, ಬಡ್ತಿಯ ಲೆಕ್ಕ ಎಲ್ಲವೂ ಮಾತೃ ಸಂಸ್ಥೆಯಲ್ಲೇ ಉಳಿಯಿತು. ಬ್ಯಾರಕ್ ಕಟ್ಟಿದ್ದೂ ಸೇನೆಯೇ. ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿಯಿದ್ದ ಫೆಡರಲ್ ಪೊಲೀಸ್ ಪಡೆಯನ್ನು ವಿಸರ್ಜಿಸಲಾಯಿತು. ನೌಕರಿ, ಭತ್ಯೆ, ಸೇವಾ ಹಿರಿತನ ಏನಾಗುತ್ತದೆ ಎಂದು ಕೇಳಿ 2019ರ ಜುಲೈನಲ್ಲಿ ರಾಜಧಾನಿಯಲ್ಲಿ ಮುಷ್ಕರಕ್ಕಿಳಿದ ಆ ಪೊಲೀಸರನ್ನು ಅಧ್ಯಕ್ಷರು ಭ್ರಷ್ಟ ಹಿತಾಸಕ್ತಿಗಳ ಕೈಗೊಂಬೆಗಳಂತೆ ಚಿತ್ರಿಸಿದರು. ಅವರಲ್ಲಿ ವರ್ಷಗಟ್ಟಲೆ ತನಿಖೆಯ ಅನುಭವ ಪಡೆದವರಿದ್ದರು. ಸೈಬರ್ ಅಪರಾಧ, ಅಪಹರಣ, ವಿಧಿವಿಜ್ಞಾನ ಬಲ್ಲವರಿದ್ದರು. ಅಷ್ಟು ಅನುಭವವನ್ನು ಒಂದು ಆಜ್ಞೆಯಲ್ಲಿ ಚದುರಿಸಲಾಯಿತು.

2022ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಮುಖವಾಡವನ್ನೇ ತೆಗೆದಿಟ್ಟಿತು. ಸಂವಿಧಾನ ತಿದ್ದಲು ಬೇಕಾದ ಮೂರನೇ ಎರಡರಷ್ಟು ಬಲ ಆಗ ಇರಲಿಲ್ಲ. ಹಾಗಾಗಿ ಸಾಮಾನ್ಯ ಬಹುಮತದ ಕಾಯ್ದೆಯೊಂದರ ಮೂಲಕ ಪಡೆಯ ಆಡಳಿತ ಮತ್ತು ಕಾರ್ಯಾಚರಣೆ ಎರಡನ್ನೂ ರಕ್ಷಣಾ ಸಚಿವಾಲಯಕ್ಕೆ ಒಪ್ಪಿಸಲಾಯಿತು. ಪರಿಸ್ಥಿತಿ ನೋಡಿದ ಮೇಲೆ ಮನಸ್ಸು ಬದಲಾಯಿಸಿದೆ ಎಂದು ಲೋಪೆಜ್ ಒಬ್ರಡಾರ್ ಬಹಿರಂಗವಾಗಿಯೇ ಹೇಳಿದರು. ನಾಯಕ ಮನಸ್ಸು ಬದಲಾಯಿಸಬಹುದು. ಸಂವಿಧಾನದ ಅಕ್ಷರ ಅವನ ಮನಸ್ಸಿನೊಂದಿಗೆ ಬದಲಾಗುವುದಿಲ್ಲ. ಅದನ್ನೇ 2023ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟ್ ಹೇಳಿತು. ಹನ್ನೊಂದು ನ್ಯಾಯಮೂರ್ತಿಗಳ ಪೈಕಿ ಎಂಟು ಮಂದಿ ಆ ವರ್ಗಾವಣೆ ಅಸಾಂವಿಧಾನಿಕ ಎಂದು ತೀರ್ಪಿತ್ತರು.

ಅದಾದ ಮೇಲೆ ನಡೆದದ್ದು ಈ ಇಡೀ ಪ್ರಕರಣದಲ್ಲಿ ಅತ್ಯಂತ ಆತಂಕದ ಸಂಗತಿ. ನ್ಯಾಯಾಲಯದ ಆದೇಶಕ್ಕೆ ತಲೆಬಾಗಿ ಪಡೆಯನ್ನು ನಾಗರಿಕ ಸಚಿವಾಲಯಕ್ಕೆ ಮರಳಿಸುವ ಬದಲು, ಆಳುವ ಪಕ್ಷ 2024ರ ಚುನಾವಣೆಯಲ್ಲಿ ಸಿಕ್ಕ ಬಲವನ್ನು ಬಳಸಿ ಸಂವಿಧಾನವನ್ನೇ ತೀರ್ಪಿನ ವಿರುದ್ಧ ತಿದ್ದಿತು. ಒಂದೇ ತಿಂಗಳಲ್ಲಿ ಎರಡು ತಿದ್ದುಪಡಿಗಳು ಬಂದವು. ಸೆಪ್ಟೆಂಬರ್ 15ರಂದು ಪ್ರಕಟವಾದದ್ದು ದೇಶದ ಎಲ್ಲ ನ್ಯಾಯಾಧೀಶರನ್ನೂ ಮತಪೆಟ್ಟಿಗೆಯ ಮೂಲಕ ಆರಿಸುವ ತಿದ್ದುಪಡಿ. ಅದರ ಫಲವಾಗಿ ಹಳೆಯ ಸುಪ್ರೀಂ ಕೋರ್ಟ್ ಮನೆಗೆ ಹೋಯಿತು. ಸೆಪ್ಟೆಂಬರ್ 30ರಂದು ಪ್ರಕಟವಾದದ್ದು ನ್ಯಾಷನಲ್ ಗಾರ್ಡ್ ಅನ್ನು ಸೇನೆಗೆ ಸೇರಿಸುವ ತಿದ್ದುಪಡಿ. ಬೇಡ ಎಂದ ನ್ಯಾಯಾಲಯವೂ ಹೋಯಿತು, ಬೇಡ ಎನ್ನಲು ಆಧಾರವಾಗಿದ್ದ ಸಾಲೂ ಹೋಯಿತು. ಮರುದಿನ ಕ್ಲಾಡಿಯಾ ಶೇನ್‌ಬಾಮ್ ಮೆಕ್ಸಿಕೊದ ಮೊದಲ ಮಹಿಳಾ ಅಧ್ಯಕ್ಷೆಯಾಗಿ ಅಧಿಕಾರ ವಹಿಸಿಕೊಂಡರು. ಈ ವ್ಯವಸ್ಥೆಯನ್ನು ಅವರು ಪ್ರಶ್ನಿಸಲಿಲ್ಲ. 2025ರ ಜುಲೈನಲ್ಲಿ ಅದಕ್ಕೆ ಹೊಸ ಕಾಯ್ದೆಯ ಕವಚವನ್ನೂ ತೊಡಿಸಿದರು.

ಗಾರ್ಡ್ ಅನ್ನು ಸೇನೆಗೆ ಸೇರಿಸಿದ ತಿದ್ದುಪಡಿಯಲ್ಲಿ ಸಂವಿಧಾನದ 129ನೇ ವಿಧಿಗೆ ಬಿದ್ದ ಪೆಟ್ಟು ಹೊರ ಜಗತ್ತಿನಲ್ಲಿ ಹೆಚ್ಚು ಚರ್ಚೆಯಾಗಲಿಲ್ಲ. ಶಾಂತಿಕಾಲದಲ್ಲಿ ಯಾವುದೇ ಸೇನಾ ಅಧಿಕಾರಿ ಸೈನಿಕ ಶಿಸ್ತಿಗೆ ನೇರವಾಗಿ ಸಂಬಂಧಿಸಿದ ಕೆಲಸಗಳನ್ನು ಬಿಟ್ಟು ಬೇರೇನನ್ನೂ ಮಾಡುವಂತಿಲ್ಲ ಎಂದು ಆ ವಿಧಿ ಹೇಳುತ್ತಿತ್ತು. ಜನರಲ್‌ಗಳು ಹತ್ತೊಂಬತ್ತನೇ ಶತಮಾನವಿಡೀ ಸರ್ಕಾರಗಳನ್ನು ಉರುಳಿಸಿದ, ಕಟ್ಟಿದ ದೇಶ ಅದು. ಆ ಕಹಿ ಅನುಭವದಿಂದ ಬರೆದುಕೊಂಡ ಬೇಲಿ ಈ ವಿಧಿ. ಈಗ ಅದು, ಸಂವಿಧಾನ ಮತ್ತು ಅದರಡಿಯ ಕಾಯ್ದೆಗಳು ಕೊಟ್ಟ ಕೆಲಸಗಳನ್ನು ಸೇನೆ ಮಾಡಬಹುದು ಎಂಬರ್ಥಕ್ಕೆ ಸಡಿಲಗೊಂಡಿದೆ. ಅಂದರೆ ನಾಳೆ ಸಾಮಾನ್ಯ ಬಹುಮತದ ಒಂದು ಕಾಯ್ದೆ ಸಾಕು, ಸೇನೆಗೆ ಮತ್ತೊಂದು ನಾಗರಿಕ ಖಾತೆ ಸಿಗುತ್ತದೆ. ಈಗಾಗಲೇ ಸೇನೆ ಸಾಂತಾ ಲೂಸಿಯಾದಲ್ಲಿ ವಿಮಾನ ನಿಲ್ದಾಣ ಕಟ್ಟಿ ನಡೆಸುತ್ತಿದೆ, ಮಾಯಾ ರೈಲು ಓಡಿಸುತ್ತಿದೆ, ‘ಮೆಹಿಕಾನಾ’ ವಿಮಾನಯಾನ ಸಂಸ್ಥೆಯನ್ನೂ ನಿರ್ವಹಿಸುತ್ತಿದೆ. ಬಂದರುಗಳು ನೌಕಾಪಡೆಯ ಕೈಯಲ್ಲಿವೆ. ಟೆಂಡರ್, ಟಿಕೆಟ್, ಸುಂಕ, ಠಾಣೆ ಎಲ್ಲವೂ ಸಮವಸ್ತ್ರದವರ ವಶಕ್ಕೆ ಹೋದ ಮೇಲೆ ಅವರ ಲೆಕ್ಕ ಕೇಳುವವರು ಯಾರು?

ಸೇನೆ ಭ್ರಷ್ಟವಾಗುವುದಿಲ್ಲ ಎಂಬುದು ಈ ಪಡೆಯ ಸಮರ್ಥಕರ ಮೊದಲ ವಾದ. ಮೆಕ್ಸಿಕೊದ ಇತಿಹಾಸವೇ ಇದನ್ನು ಅಲ್ಲಗಳೆಯುತ್ತದೆ. 1997ರ ಫೆಬ್ರುವರಿಯಲ್ಲಿ ಬಂಧನಕ್ಕೊಳಗಾದ ದೇಶದ ಮಾದಕ ವಸ್ತು ನಿಗ್ರಹ ಸಂಸ್ಥೆಯ ಮುಖ್ಯಸ್ಥ ಹೆಸುಸ್ ಗುಟಿಯೆರ್ರೆಸ್ ರೆಬೊಲ್ಯೊ ಒಬ್ಬ ಸೇನಾ ಜನರಲ್. ಹ್ವಾರೆಸ್ ಕಾರ್ಟೆಲ್‌ನ ದೊರೆಗೆ ರಕ್ಷಣೆ ಕೊಟ್ಟ ಆರೋಪದಲ್ಲಿ ಆತ ಜೈಲು ಸೇರಿದ. ದೇಶವನ್ನು ನಡುಗಿಸಿದ ‘ಸೆಟಾಸ್’ ತಂಡವನ್ನು ಕಟ್ಟಿದವರು ಸೇನೆಯ ವಿಶೇಷ ಪಡೆಯಿಂದ ಓಡಿಹೋದವರು. 2020ರ ಅಕ್ಟೋಬರ್‌ನಲ್ಲಿ ಮಾಜಿ ರಕ್ಷಣಾ ಸಚಿವ, ಜನರಲ್ ಸಾಲ್ವಡಾರ್ ಸಿಯೆನ್‌ಫ್ಯುಗೋಸ್ ಅವರನ್ನು ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಲ್ಲಿ ಅಮೆರಿಕ ಬಂಧಿಸಿತು. ಮೆಕ್ಸಿಕೊ ಸರ್ಕಾರ ಸಿಟ್ಟಿಗೆದ್ದು ಒತ್ತಡ ಹೇರಿತು. ಅಮೆರಿಕ ಆರೋಪ ಕೈಬಿಟ್ಟು ಅವರನ್ನು ವಾಪಸ್ ಕಳುಹಿಸಿತು. ಎರಡು ತಿಂಗಳೊಳಗೆ ಮೆಕ್ಸಿಕೊದ ಪ್ರಾಸಿಕ್ಯೂಟರ್ ಕಚೇರಿ ಅವರ ಮೇಲೆ ಮೊಕದ್ದಮೆ ಹೂಡದಿರಲು ತೀರ್ಮಾನಿಸಿತು. ಅವರು ತಪ್ಪಿತಸ್ಥರೆಂದು ನಾವು ಹೇಳುತ್ತಿಲ್ಲ. ಆರೋಪವನ್ನು ತೆರೆದ ನ್ಯಾಯಾಲಯದಲ್ಲಿ ಪರೀಕ್ಷಿಸುವ ಧೈರ್ಯ ಆ ಸರ್ಕಾರಕ್ಕೆ ಇರಲಿಲ್ಲ ಎಂಬುದಂತೂ ದಾಖಲೆಯಲ್ಲಿದೆ.

ನಾಗರಿಕ ಪೊಲೀಸ್ ಎಂದಾಕ್ಷಣ ಶುದ್ಧ ಎಂದೂ ಅಲ್ಲ. ಫೆಡರಲ್ ಪೊಲೀಸ್ ಪಡೆಯನ್ನು ಕಟ್ಟಿ ಬೆಳೆಸಿದ ಜೆನಾರೊ ಗಾರ್ಸಿಯಾ ಲೂನಾ, ಸಿನಲೊವಾ ಕಾರ್ಟೆಲ್‌ನಿಂದ ಲಂಚ ಪಡೆದದ್ದು ಸಾಬೀತಾಗಿ ನ್ಯೂಯಾರ್ಕ್‌ನ ನ್ಯಾಯಾಲಯದಲ್ಲಿ 2024ರಲ್ಲಿ 38 ವರ್ಷಕ್ಕೂ ಹೆಚ್ಚಿನ ಸೆರೆವಾಸದ ಶಿಕ್ಷೆ ಪಡೆದರು. 2015ರ ಮೇ ತಿಂಗಳಲ್ಲಿ ತಾನ್‌ವಾಟೊ ಎಂಬಲ್ಲಿ ಅದೇ ಪಡೆಯ ಕಾರ್ಯಾಚರಣೆಯಲ್ಲಿ 42 ನಾಗರಿಕರು ಸತ್ತರು. ಅವರ ಪೈಕಿ 22 ಮಂದಿಯನ್ನು ಬೇಕಂತಲೇ ಕೊಲ್ಲಲಾಗಿದೆ ಎಂದು ರಾಷ್ಟ್ರೀಯ ಮಾನವ ಹಕ್ಕು ಆಯೋಗ ಹೇಳಿತು. ಆ ಪಡೆಗೆ ಆಮೂಲಾಗ್ರ ಸುಧಾರಣೆ ಬೇಕಿತ್ತು, ಅನುಮಾನವಿಲ್ಲ. ಆದರೆ ಗಾರ್ಸಿಯಾ ಲೂನಾ ಕಟಕಟೆಯಲ್ಲಿ ನಿಂತರು, ತಾನ್‌ವಾಟೊದ ಸತ್ಯವನ್ನು ಆಯೋಗ ಹೊರಗೆಳೆಯಿತು. ಸೇನೆಯ ವಿಷಯದಲ್ಲಿ ಅಷ್ಟು ದೂರ ಹೋಗುವುದು ಬಹಳ ಅಪರೂಪ. 2014ರ ಸೆಪ್ಟೆಂಬರ್ 26ರ ರಾತ್ರಿ ಇಗ್ವಾಲಾದಲ್ಲಿ ಅಯೋಟ್ಸಿನಾಪಾ ಶಿಕ್ಷಕರ ಕಾಲೇಜಿನ 43 ವಿದ್ಯಾರ್ಥಿಗಳು ಕಣ್ಮರೆಯಾದರು. ಆ ಪ್ರಕರಣವನ್ನು ಶೋಧಿಸಲು ಬಂದ ಅಂತರರಾಷ್ಟ್ರೀಯ ತಜ್ಞರ ತಂಡ 2023ರ ಜುಲೈನಲ್ಲಿ ದೇಶ ಬಿಟ್ಟು ಹೊರಟಿತು. ಸೇನೆ ತನ್ನ ದಾಖಲೆಗಳನ್ನು ಕೊಡಲಿಲ್ಲ, ಸುಳ್ಳು ಹೇಳಿತು ಎಂದು ಹೇಳಿಯೇ ಅದು ಹೋಯಿತು. ಸತ್ಯ ಹೇಳಿಸುತ್ತೇನೆ ಎಂದು ಆ ಮಕ್ಕಳ ತಂದೆತಾಯಿಯರಿಗೆ ಮಾತು ಕೊಟ್ಟಿದ್ದ ಅಧ್ಯಕ್ಷರೇ ಆಗ ಆಳುತ್ತಿದ್ದರು.

ಯುರೋಪಿನಲ್ಲಿ ಇಂಥ ಪಡೆಗಳು ಶತಮಾನಗಳಿಂದ ಇವೆಯಲ್ಲ ಎಂಬುದು ಎರಡನೆಯ ವಾದ. ಇವೆ, ನಿಜ. ಫ್ರಾನ್ಸ್‌ನ ಜಾಂಡರ್ಮರಿ ಕ್ರಾಂತಿಯ ಕಾಲದ್ದು, ಅದಕ್ಕೆ ಆ ಹೆಸರು ಬಂದದ್ದು 1791ರಲ್ಲಿ. ಇಟಲಿಯ ಕರಬಿನಿಯೇರಿ 1814ರಲ್ಲಿ ಟ್ಯೂರಿನ್‌ನಲ್ಲಿ ಹುಟ್ಟಿತು. ಸ್ಪೇನ್‌ನ ಸಿವಿಲ್ ಗಾರ್ಡ್ 1844ರದ್ದು. ಇವೆಲ್ಲ ಸೈನಿಕ ದರ್ಜೆ, ಸೈನಿಕ ಶಿಸ್ತು ಉಳ್ಳ ಪೊಲೀಸ್ ಪಡೆಗಳೇ. ಆದರೆ ಅವು ಮೊದಲಿನಿಂದಲೂ ಪೊಲೀಸ್ ಕೆಲಸಕ್ಕೆಂದೇ ತರಬೇತಾದವು. ಹಳ್ಳಿ ಹಳ್ಳಿಯಲ್ಲಿ ಅವುಗಳ ಹೊರಠಾಣೆಗಳಿವೆ, ದೂರು ಬರೆದುಕೊಳ್ಳುವ ಮೇಜುಗಳಿವೆ. ತನಿಖೆಯನ್ನು ಪ್ರಾಸಿಕ್ಯೂಟರ್ ಅಥವಾ ನ್ಯಾಯಾಧೀಶರ ಉಸ್ತುವಾರಿಯಲ್ಲಿ ಮಾಡುತ್ತವೆ. ಫ್ರಾನ್ಸ್ 2009ರಲ್ಲಿ ತನ್ನ ಜಾಂಡರ್ಮರಿಯನ್ನು ರಕ್ಷಣಾ ಸಚಿವಾಲಯದಿಂದ ತೆಗೆದು ಗೃಹ ಸಚಿವಾಲಯದ ಅಧೀನಕ್ಕೆ ತಂದಿತು. ಚಿಲಿ ತನ್ನ ಕರಬಿನೇರೊಸ್ ಪಡೆಯನ್ನು 2011ರಲ್ಲಿ ಅದೇ ರೀತಿ ಗೃಹ ಖಾತೆಗೆ ವರ್ಗಾಯಿಸಿತು. ಆ ಪಡೆಯ ಮುಖ್ಯಸ್ಥ 1973ರ ಕ್ಷಿಪ್ರಕ್ರಾಂತಿಯ ನಂತರ ಸರ್ವಾಧಿಕಾರಿ ಪಿನೊಚೆಯ ಸೇನಾ ಆಡಳಿತ ಮಂಡಳಿಯಲ್ಲಿ ಕುಳಿತಿದ್ದನ್ನು ಆ ದೇಶ ಮರೆತಿಲ್ಲ. ಸ್ಪೇನ್ ಕೂಡ ಮರೆತಿಲ್ಲ: 1981ರ ಫೆಬ್ರುವರಿ 23ರಂದು ಪಿಸ್ತೂಲು ಹಿಡಿದು ಸಂಸತ್ತಿನೊಳಗೆ ನುಗ್ಗಿದ ಆಂಟೊನಿಯೊ ತೆಹೆರೊ ಸಿವಿಲ್ ಗಾರ್ಡ್‌ನ ಲೆಫ್ಟಿನೆಂಟ್ ಕರ್ನಲ್. ಅನುಭವವುಳ್ಳ ದೇಶಗಳು ಇಂಥ ಪಡೆಗಳನ್ನು ಸೇನೆಯಿಂದ ದೂರ ಸರಿಸುತ್ತಿರುವಾಗ ಮೆಕ್ಸಿಕೊ ಎದುರು ದಿಕ್ಕಿನಲ್ಲಿ ನಡೆದಿದೆ. ಯುರೋಪನ್ನು ಸಾಕ್ಷಿಗೆ ಕರೆಯುವವರು ಪೂರ್ತಿ ಸಾಕ್ಷ್ಯ ಕೇಳಬೇಕು.

ಇನ್ನು ಫಲಿತಾಂಶ. ಹಲಿಸ್ಕೊ ರಾಜ್ಯದ ತೆಯುಚಿತ್ಲಾನ್ ಎಂಬಲ್ಲಿ ಇಸಾಗಿರ್ರೆ ಎಂಬ ತೋಟದ ಮನೆಯಿದೆ. 2024ರ ಸೆಪ್ಟೆಂಬರ್‌ನಲ್ಲಿ, ಸಂಸತ್ತಿನಲ್ಲಿ ಆ ತಿದ್ದುಪಡಿಯ ಚರ್ಚೆ ನಡೆಯುತ್ತಿದ್ದ ತಿಂಗಳಲ್ಲೇ, ನ್ಯಾಷನಲ್ ಗಾರ್ಡ್ ಅಲ್ಲಿ ದಾಳಿ ಮಾಡಿತು. ಗುಂಡಿನ ಚಕಮಕಿ ನಡೆಯಿತು, ಹತ್ತು ಮಂದಿಯ ಬಂಧನವಾಯಿತು, ಒತ್ತೆಯಲ್ಲಿದ್ದ ಇಬ್ಬರ ಬಿಡುಗಡೆಯಾಯಿತು, ಒಂದು ಶವ ಸಿಕ್ಕಿತು. ಜಾಗವನ್ನು ರಾಜ್ಯದ ಪ್ರಾಸಿಕ್ಯೂಟರ್ ಕಚೇರಿಗೆ ಒಪ್ಪಿಸಿ ಪಡೆ ಹೊರಟುಹೋಯಿತು. ಆರು ತಿಂಗಳ ನಂತರ, 2025ರ ಮಾರ್ಚ್‌ನಲ್ಲಿ, ಕಾಣೆಯಾದ ತಮ್ಮ ಮಕ್ಕಳನ್ನು ಹುಡುಕುವ ತಾಯಂದಿರು ಮತ್ತು ಬಂಧುಗಳ ತಂಡವೊಂದು ಗುದ್ದಲಿ, ಸಲಾಕೆ ಹಿಡಿದು ಅದೇ ಜಾಗಕ್ಕೆ ಹೋಯಿತು. ಅವರಿಗೆ ಸಿಕ್ಕಿದ್ದು ನೂರಾರು ಜೋಡಿ ಚಪ್ಪಲಿ, ಬೂಟು, ಬಟ್ಟೆಯ ರಾಶಿ, ಬ್ಯಾಗ್‌ಗಳು, ಸುಟ್ಟ ಮೂಳೆಯ ತುಂಡುಗಳು. ಉದ್ಯೋಗದ ಆಸೆ ತೋರಿಸಿ ಕರೆತಂದ ಯುವಕರನ್ನು ಕಾರ್ಟೆಲ್ ಬಲವಂತವಾಗಿ ತರಬೇತುಗೊಳಿಸುತ್ತಿದ್ದ ಜಾಗ ಅದು. ದೂರದ ಊರುಗಳ ಮನೆಯವರು ಫೋಟೊದಲ್ಲಿ ಕಂಡ ಒಂದು ಅಂಗಿ, ಒಂದು ಬ್ಯಾಗ್ ಗುರುತಿಸಿ ಅತ್ತರು. ಬಂದೂಕು ಹಿಡಿದ ಪಡೆಗೆ ಕಾಣದ್ದು ಗುದ್ದಲಿ ಹಿಡಿದ ತಾಯಂದಿರಿಗೆ ಕಂಡಿತು.

ಅಲ್ಲಿ ದಾಳಿ ಮಾಡಿದ ಸೈನಿಕರ ಧೈರ್ಯವನ್ನು ನಾವು ಪ್ರಶ್ನಿಸುತ್ತಿಲ್ಲ. ಜಾಗವನ್ನು ಅಂಗುಲ ಅಂಗುಲ ಶೋಧಿಸುವುದು, ಸಾಕ್ಷ್ಯ ಮುದ್ರೆ ಹಾಕಿ ಕಾಪಾಡುವುದು, ಸಿಕ್ಕ ಬಟ್ಟೆಯನ್ನು ನಾಪತ್ತೆ ದೂರುಗಳೊಂದಿಗೆ ತಾಳೆ ನೋಡುವುದು, ಬಂಧಿತರ ಹೇಳಿಕೆಯಿಂದ ಮುಂದಿನ ಎಳೆ ಹಿಡಿಯುವುದು ಇವೆಲ್ಲ ತನಿಖಾಧಿಕಾರಿಯ ಕೆಲಸ. ಅದಕ್ಕೆ ವರ್ಷಗಳ ತರಬೇತಿ ಬೇಕು. ಆ ಕೆಲಸಕ್ಕೆ ಸೈನಿಕನನ್ನು ತಯಾರು ಮಾಡಿಲ್ಲ, ರಾಜ್ಯದ ಪ್ರಾಸಿಕ್ಯೂಟರ್ ಕಚೇರಿಗೆ ಸಿಬ್ಬಂದಿ ಮತ್ತು ಹಣ ಕೊಟ್ಟಿಲ್ಲ. ಮೆಕ್ಸಿಕೊದ ಅಂಕಿಅಂಶ ಸಂಸ್ಥೆಯ ಸಮೀಕ್ಷೆಗಳ ಪ್ರಕಾರ, ಅಲ್ಲಿ ನಡೆಯುವ ಅಪರಾಧಗಳಲ್ಲಿ ಶೇ 92ರಿಂದ 93ರಷ್ಟು ಒಂದೋ ವರದಿಯಾಗುವುದೇ ಇಲ್ಲ, ಇಲ್ಲವೇ ವರದಿಯಾದರೂ ತನಿಖೆ ಆರಂಭವಾಗುವುದಿಲ್ಲ. ಈ ರೋಗಕ್ಕೆ ಒಂದು ಲಕ್ಷ ಮೀರಿದ ಸಶಸ್ತ್ರ ಪಡೆ ಔಷಧವಾಗಲು ಹೇಗೆ ಸಾಧ್ಯ? ದೇಶದಲ್ಲಿ ಕಾಣೆಯಾದವರ ಅಧಿಕೃತ ಪಟ್ಟಿ 2022ರ ಮೇ ತಿಂಗಳಲ್ಲಿ ಒಂದು ಲಕ್ಷ ದಾಟಿತು. ಅದು ಇನ್ನೂ ಬೆಳೆಯುತ್ತಲೇ ಇದೆ.

ಪಡೆ ಹುಟ್ಟಿದ 2019ರಲ್ಲೂ ಮರುವರ್ಷವೂ ಕೊಲೆಗಳ ಸಂಖ್ಯೆ 36,000 ದಾಟಿತ್ತು. 2023ರಲ್ಲೂ ಅದು 30,000ಕ್ಕಿಂತ ಕೆಳಗೆ ಇಳಿಯಲಿಲ್ಲ. ಶೇನ್‌ಬಾಮ್ ಬಂದ ಮೇಲೆ ಕೊಲೆಗಳು ಗಣನೀಯವಾಗಿ ತಗ್ಗಿವೆ ಎಂದು ಅವರ ಸರ್ಕಾರ ಹೇಳುತ್ತಿದೆ. ತಗ್ಗಿದ್ದರೆ ಎಲ್ಲರೂ ಸಂತೋಷಪಡಬೇಕು. ಆದರೆ ಆ ಶ್ರೇಯಸ್ಸನ್ನು ಅವರೇ ಯಾವುದಕ್ಕೆ ಕೊಡುತ್ತಾರೆ ಗಮನಿಸಿ. ಗುಪ್ತಚರ ಮಾಹಿತಿ, ತನಿಖೆ ಮತ್ತು ಇಲಾಖೆಗಳ ಸಮನ್ವಯಕ್ಕೆ. ಅದನ್ನು ಮುನ್ನಡೆಸುತ್ತಿರುವ ಭದ್ರತಾ ಸಚಿವ ಒಮಾರ್ ಗಾರ್ಸಿಯಾ ಹರ್ಫುಚ್ ಪೊಲೀಸ್ ವೃತ್ತಿಯಿಂದ ಬಂದವರು. ಆ ಸಾಧನೆಯನ್ನು ಒಪ್ಪಿಕೊಂಡರೆ, ಅದು ನಾಗರಿಕ ತನಿಖೆಯ ಪರವಾದ ಸಾಕ್ಷಿಯೇ ಹೊರತು ಪಡೆಯನ್ನು ಜನರಲ್‌ಗಳಿಗೆ ಒಪ್ಪಿಸಿದ್ದರ ಸಮರ್ಥನೆ ಆಗುವುದಿಲ್ಲ.

2025ರ ನವೆಂಬರ್ 1ರಂದು, ಮಡಿದವರನ್ನು ನೆನೆಯುವ ಹಬ್ಬದ ರಾತ್ರಿ, ಮಿಚೊವಾಕಾನ್‌ನ ಉರುವಾಪನ್ ನಗರದ ಚೌಕದಲ್ಲಿ ಮೇಯರ್ ಕಾರ್ಲೋಸ್ ಮಾಂಜೊ ಅವರನ್ನು ಜನಸಂದಣಿಯ ನಡುವೆ ಗುಂಡಿಟ್ಟು ಕೊಲ್ಲಲಾಯಿತು. ಅವರ ರಕ್ಷಣೆಗೆ ನ್ಯಾಷನಲ್ ಗಾರ್ಡ್ ಸಿಬ್ಬಂದಿಯನ್ನೂ ನಿಯೋಜಿಸಲಾಗಿತ್ತು. ಸರ್ಕಾರ ಕೊಟ್ಟ ಉತ್ತರ ಆ ರಾಜ್ಯಕ್ಕೆ ಇನ್ನಷ್ಟು ಸಾವಿರ ಸೈನಿಕರು. ಬೆಣ್ಣೆಹಣ್ಣಿನ ತೋಟಗಳ ಆ ಸೀಮೆಗೆ ಮೊದಲ ಸೈನಿಕ ತುಕಡಿ ಬಂದಾಗ ಶಾಲೆಗೆ ಸೇರಿದ ಮಗುವಿಗೆ ಈಗ ಮತ ಹಾಕುವ ವಯಸ್ಸು ಮೀರಿದೆ. ಆ ತಲೆಮಾರು ನಂಬಿಕೆಗೆ ಅರ್ಹವಾದ ಪೊಲೀಸ್ ಠಾಣೆಯನ್ನು ಒಮ್ಮೆಯೂ ಕಂಡಿಲ್ಲ. ಕಾಣುವ ಅವಕಾಶವನ್ನೂ ಸರ್ಕಾರ ಕಸಿದುಕೊಂಡಿದೆ. ನಗರಸಭೆಗಳ ಪೊಲೀಸರನ್ನು ಬಲಪಡಿಸಲು ಕೇಂದ್ರ ಕೊಡುತ್ತಿದ್ದ ‘ಫೋರ್ಟಾಸೆಗ್’ ಅನುದಾನವನ್ನು 2021ರ ಬಜೆಟ್‌ನಿಂದ ಕಿತ್ತುಹಾಕಲಾಯಿತು. ಅದೇ ಅವಧಿಯಲ್ಲಿ ನ್ಯಾಷನಲ್ ಗಾರ್ಡ್ ಮತ್ತು ಸೇನೆಯ ಕಟ್ಟಡಗಳು ಏಳುತ್ತಲೇ ಹೋದವು. ಬೀದಿ ಬಲ್ಲ ಪೇದೆಗೆ ಕೊಡಲು ಹಣವಿಲ್ಲ ಎಂದ ಸರ್ಕಾರಕ್ಕೆ ಬೀದಿ ಅರಿಯದ ಸೈನಿಕನನ್ನು ತಂದು ನಿಲ್ಲಿಸಲು ಹಣವಿತ್ತು.

ಈ ಪಡೆ ನಿಜಕ್ಕೂ ಯಾರ ಸೇವೆಗೆ ಎಂಬ ಪ್ರಶ್ನೆಯೂ ಇದೆ. 2019ರ ಜೂನ್‌ನಲ್ಲಿ, ಪಡೆಯ ಔಪಚಾರಿಕ ಉದ್ಘಾಟನೆಯೇ ಆಗಿರದಿದ್ದಾಗ, ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಸುಂಕದ ಬೆದರಿಕೆ ಹಾಕಿದರು. ಮೆಕ್ಸಿಕೊ ಸಾವಿರಾರು ಗಾರ್ಡ್‌ಗಳನ್ನು ದಕ್ಷಿಣದ ಗಡಿಗೆ ಕಳುಹಿಸಿ ಮಧ್ಯ ಅಮೆರಿಕದ ಬಡ ವಲಸಿಗರನ್ನು ತಡೆಯಿತು. 2025ರ ಫೆಬ್ರುವರಿಯಲ್ಲಿ ಮತ್ತೆ ಅದೇ ಬೆದರಿಕೆ ಬಂತು. ಈ ಬಾರಿ 10,000 ಗಾರ್ಡ್‌ಗಳು ಉತ್ತರದ ಗಡಿಗೆ ಹೋದರು. ಕುಲಿಯಾಕಾನ್ ನಗರದಲ್ಲಿ ಸಿನಲೊವಾ ಕಾರ್ಟೆಲ್‌ನ ಎರಡು ಬಣಗಳು ತಿಂಗಳುಗಟ್ಟಲೆ ಹೊಡೆದಾಡುತ್ತಿದ್ದ ಹೊತ್ತು ಅದು. ಮನೆ ಬಾಗಿಲು ಹಾಕಿಕೊಂಡು ಕುಳಿತ ಅಲ್ಲಿನ ಜನರ ರಕ್ಷಣೆಗಿಂತ ನೆರೆಯ ದೇಶದ ಒತ್ತಡವೇ ಪಡೆಯ ಚಲನವಲನವನ್ನು ನಿರ್ಧರಿಸಿತು.

2020ರ ಸೆಪ್ಟೆಂಬರ್ 8ರಂದು ಚಿವಾವಾದ ಲಾ ಬೊಕಿಯಾ ಅಣೆಕಟ್ಟಿನಲ್ಲಿ ರೈತರು ಪ್ರತಿಭಟನೆಗಿಳಿದಿದ್ದರು. ಬರಗಾಲದಲ್ಲಿ 1944ರ ಒಪ್ಪಂದದ ಹೆಸರಿನಲ್ಲಿ ತಮ್ಮ ನೀರನ್ನು ಅಮೆರಿಕಕ್ಕೆ ಬಿಡುವುದನ್ನು ಅವರು ವಿರೋಧಿಸಿದ್ದರು. ಆ ರಾತ್ರಿ ಮನೆಗೆ ಮರಳುತ್ತಿದ್ದ ರೈತ ದಂಪತಿಯ ಮೇಲೆ ನ್ಯಾಷನಲ್ ಗಾರ್ಡ್ ಗುಂಡು ಹಾರಿಸಿತು. ಹೆಂಡತಿ ಸತ್ತರು, ಗಂಡ ಗಾಯಗೊಂಡರು. ತಮ್ಮ ಮೇಲೆ ದಾಳಿ ನಡೆಯಿತು, ಅದಕ್ಕೆ ಪ್ರತಿಕ್ರಿಯಿಸಿದೆವು ಎಂದು ಪಡೆ ಮೊದಲಿಗೆ ಹೇಳಿತು. ನೀರಿನ ಹೋರಾಟ ಏನೆಂಬುದು ಕನ್ನಡಿಗರಿಗೆ ಹೇಳಿಕೊಡಬೇಕಿಲ್ಲ. 1980ರಲ್ಲಿ ನರಗುಂದ, ನವಲಗುಂದದ ರೈತರ ಮೇಲೆ ಗೋಲಿಬಾರ್ ಆದಾಗ ಗುಂಡು ಹಾರಿಸಿದ್ದು ರಾಜ್ಯದ ಪೊಲೀಸರು. ಆ ಪೊಲೀಸರ ಹಿಂದೆ ಒಂದು ಸರ್ಕಾರವಿತ್ತು, ಆ ಸರ್ಕಾರವನ್ನು ಮೂರು ವರ್ಷದೊಳಗೆ ಜನ ಮತಪೆಟ್ಟಿಗೆಯಲ್ಲಿ ಉರುಳಿಸಿದರು. ಹೊಣೆ ಯಾರದೆಂದು ತೋರಿಸಲು ಬೆರಳಿಗೆ ಒಂದು ಗುರಿಯಿತ್ತು. ಸಾವಿರಾರು ಕಿಲೋಮೀಟರ್ ವ್ಯಾಪ್ತಿಯ ಸೇನಾ ಪಡೆಯ ಹಿಂದೆ ಯಾವ ಸ್ಥಳೀಯ ಜನಪ್ರತಿನಿಧಿಯೂ ಇರುವುದಿಲ್ಲ.

ನಮ್ಮಲ್ಲೂ ಗಲಭೆಯಾದಾಗಲೆಲ್ಲ ‘ಮಿಲಿಟರಿ ಕರೆಸಿ, ಒಂದೇ ದಿನಕ್ಕೆ ಸರಿಯಾಗುತ್ತದೆ’ ಎನ್ನುವ ಮಾತು ಕೇಳುತ್ತದೆ. ನಮ್ಮ ಕಾನೂನು ಅದಕ್ಕಿಂತ ವಿವೇಕಿ. ಅಕ್ರಮ ಕೂಟ ಚದುರಿಸಲು ಬೇರೆ ದಾರಿ ಇಲ್ಲದಿದ್ದರೆ ಮಾತ್ರ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಸೇನೆಯ ನೆರವು ಕೇಳಬಹುದು. ಅದೂ ಆದಷ್ಟು ಕಡಿಮೆ ಬಲಪ್ರಯೋಗದ ನಿಯಮದೊಂದಿಗೆ. ಬೆಂಗಳೂರಿನಲ್ಲಿ ತರಬೇತಿ ಕೇಂದ್ರವಿರುವ ನಮ್ಮ ಸೇನೆಯ ಮಿಲಿಟರಿ ಪೊಲೀಸ್ ಕೋರ್‌ನ ಕೆಲಸ ಸೈನಿಕರ ಶಿಸ್ತು ಕಾಯುವುದು, ನಾಗರಿಕರ ಮೇಲೆ ಠಾಣೆ ನಡೆಸುವುದಲ್ಲ. ಆ ಗೆರೆಯನ್ನು ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯ ಮೂಲಕ ನಾವು ದಾಟಿರುವ ಕಡೆ ಏನಾಗಿದೆ ಎಂಬುದನ್ನೂ ಬಲ್ಲೆವು. 2021ರ ಡಿಸೆಂಬರ್ 4ರಂದು ನಾಗಾಲ್ಯಾಂಡ್‌ನ ಓಟಿಂಗ್‌ನಲ್ಲಿ ಗಣಿಯಿಂದ ಮನೆಗೆ ಮರಳುತ್ತಿದ್ದ ಕಾರ್ಮಿಕರು ಸೇನೆಯ ಗುಂಡಿಗೆ ಬಲಿಯಾದರು. ರಾಜ್ಯದ ಪೊಲೀಸರು 30 ಸೈನಿಕರ ವಿರುದ್ಧ ಆರೋಪಪಟ್ಟಿ ಸಲ್ಲಿಸಿದರು. ವಿಚಾರಣೆಗೆ ಕೇಂದ್ರ ಅನುಮತಿ ಕೊಡಲಿಲ್ಲ, ಮೊಕದ್ದಮೆ ಅಲ್ಲೇ ನಿಂತಿತು. ಮೆಕ್ಸಿಕೊದ ತೀರ್ಮಾನವನ್ನು ಖಂಡಿಸುವ ನಮಗೆ ಓಟಿಂಗ್ ಬಗ್ಗೆ ಮೌನವಾಗಿರಲು ಹಕ್ಕಿಲ್ಲ.

ಮೆಕ್ಸಿಕೊ ಈಗ ಮಾಡಬೇಕಾದದ್ದು ಸ್ಪಷ್ಟವಾಗಿದೆ. ನ್ಯಾಷನಲ್ ಗಾರ್ಡ್‌ನ ನಾಯಕತ್ವ, ಬಡ್ತಿ, ಶಿಸ್ತುಕ್ರಮ ನಾಗರಿಕ ಭದ್ರತಾ ಸಚಿವಾಲಯಕ್ಕೆ ಮರಳಬೇಕು. ಎರವಲು ಬಂದ ಸೈನಿಕರು ಸೇನೆಯನ್ನು ಬಿಟ್ಟು ಪೊಲೀಸ್ ತರಬೇತಿ ಪೂರೈಸಬೇಕು, ಇಲ್ಲವೇ ಬ್ಯಾರಕ್‌ಗೆ ಹಿಂದಿರುಗಬೇಕು. ನಾಗರಿಕರ ಮೇಲೆ ನಡೆದ ಹಿಂಸೆಯನ್ನು ಸೇನಾ ನ್ಯಾಯಾಲಯಗಳ ನೆರಳೂ ಸೋಕದಂತೆ ನಾಗರಿಕ ನ್ಯಾಯಾಲಯಗಳೇ ವಿಚಾರಣೆ ಮಾಡಬೇಕು, ಸೈನಿಕರಿಂದ ಕಣ್ಮರೆಯಾದ ರಾಡಿಲ್ಯಾ ಎಂಬುವರ 2009ರ ಪ್ರಕರಣದಲ್ಲೇ ಇಂಟರ್ ಅಮೆರಿಕನ್ ನ್ಯಾಯಾಲಯ ಇದನ್ನು ಆದೇಶಿಸಿದೆ. ನಗರಸಭೆಗಳ ಪೊಲೀಸ್ ಅನುದಾನ ಮರಳಿ ಬರಬೇಕು, ಪ್ರಾಸಿಕ್ಯೂಟರ್ ಕಚೇರಿಗಳಿಗೂ ವಿಧಿವಿಜ್ಞಾನ ಪ್ರಯೋಗಾಲಯಗಳಿಗೂ ಹಣ ಹರಿಯಬೇಕು. ಅಯೋಟ್ಸಿನಾಪಾ ಪ್ರಕರಣದ ಸೇನಾ ಕಡತಗಳು ಆ 43 ಕುಟುಂಬಗಳ ಕೈಗೆ ಸಿಗಬೇಕು.

ಶೇನ್‌ಬಾಮ್ ಅವರ ಅಧಿಕಾರಾವಧಿ 2030ರ ಸೆಪ್ಟೆಂಬರ್‌ವರೆಗೆ ಇದೆ. 2024ರಲ್ಲಿ ಸಂವಿಧಾನ ತಿದ್ದಿದ ಮೈತ್ರಿಕೂಟದ ನಾಯಕಿ ಅವರೇ. 129ನೇ ವಿಧಿಯನ್ನು ಮೊದಲಿದ್ದಂತೆ ಮರಳಿಸುವ ಮಸೂದೆಯನ್ನು ಸಂಸತ್ತಿನ ಮುಂದಿನ ಅಧಿವೇಶನದಲ್ಲೇ ಅವರು ಮಂಡಿಸಬೇಕು.